ಅಕ್ಕಿ ಬಂತು, ಒಲೆ ಎಲ್ಲಿಡೋದು?

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ

ನಮ್ಮ ವಾಣಿಜ್ಯ ವಿಭಾಗದ ಗೆಳೆಯ ಗೆಳತಿಯರಿಗೆ ಒಂದು ಸುಲಭದ ಪ್ರಶ್ನೆ. ತಿಂಗಳು ತಿಂಗಳು ಕೊಡುವ ಬಾಡಿಗೆಯನ್ನು ಎಲ್ಲಿ ಬರೆಯುತ್ತೀರಿ? ಲಾಭ ನಷ್ಟದ ಖಾತೆಯ ಡೆಬಿಟ್ ಕಡೆ. ಅದು ಖರ್ಚು, ಕೊಟ್ಟ ಮೇಲೆ ವಾಪಸ್ ಬರುವುದಿಲ್ಲ. ಹಾಗಾದರೆ ಮನೆಗೆ ಸೇರುವಾಗ ಕೊಡುವ ಅಡ್ವಾನ್ಸ್? ಅದು ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯ ಕಡೆ ಬರುತ್ತದೆ. ಏಕೆಂದರೆ ಮನೆ ಬಿಡುವ ದಿನ ಅದು ನಮಗೆ ಹಿಂದಿರುಗಿ ಬರಬೇಕಾದ ಹಣ. ವಿಜ್ಞಾನ ಮತ್ತು ಕಲಾ ವಿಭಾಗದವರು ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು, ಮುಂದಿನದೆಲ್ಲ ಅರ್ಥವಾಗುತ್ತದೆ.

ನನ್ನ ಮಾತು ಇಷ್ಟೇ: ನಮ್ಮ ಊರಿನಲ್ಲಿ ಬಡ ಕುಟುಂಬವೊಂದು ಬೀದಿಗೆ ಬೀಳುವುದು ಬಹಳ ಸಲ ಬಾಡಿಗೆ ಕಟ್ಟಲಾರದೆ ಅಲ್ಲ, ಅಡ್ವಾನ್ಸ್ ಹೊಂದಿಸಲಾರದೆ. ಆ ಅಡ್ವಾನ್ಸ್ ಖರ್ಚೇ ಅಲ್ಲದ ಹಣ. ಆದರೂ ಅದನ್ನು ಕೊಡುವವರು ಯಾರೂ ಇಲ್ಲ. ಸರ್ಕಾರ ಕೊಡುವುದಿಲ್ಲ, ಬ್ಯಾಂಕ್ ಕೊಡುವುದಿಲ್ಲ, ರಮಜಾನ್ ತಿಂಗಳಲ್ಲಿ ಕೈ ಬಿಚ್ಚಿ ದಾನ ಮಾಡುವ ನಮ್ಮ ಜನರೂ ಕೊಡುವುದಿಲ್ಲ.

ಬೇರೆ ಊರಿನಿಂದ ಬಂದು ಹಾಸ್ಟೆಲಿನಲ್ಲಿರುವವರಿಗೆ ಬೆಂಗಳೂರಿನ ಪದ್ಧತಿ ಗೊತ್ತಿರಲಿಕ್ಕಿಲ್ಲ. ಇಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ಹಳೆಯ ರೂಢಿ. ಈಗ ಕೆಲವು ಕಡೆ ಐದು, ಆರು ತಿಂಗಳಿಗೆ ಇಳಿದಿದೆ. ಆದರೆ ಟ್ಯಾನರಿ ರಸ್ತೆಯ ಆಸುಪಾಸಿನ ನಮ್ಮ ಗಲ್ಲಿಗಳಲ್ಲಿ ಒಂದು ಹಾಲ್, ಒಂದು ಅಡುಗೆ ಮನೆಗೆ 7,000 ರೂಪಾಯಿ ಬಾಡಿಗೆ ಎಂದರೆ 70,000 ರೂಪಾಯಿ ಅಡ್ವಾನ್ಸ್ ಎಂದು ಬೋರ್ಡ್ ನೋಡದೆಯೇ ಹೇಳಬಹುದು. ಬ್ರೋಕರ್ ಮೂಲಕ ಹೋದರೆ ಅವನಿಗೆ ಒಂದು ತಿಂಗಳ ಬಾಡಿಗೆ ಬೇರೆ. ತಿಂಗಳಿಗೆ 18,000 ಸಂಪಾದಿಸುವ ಮನೆಯಲ್ಲಿ ಹೊಟ್ಟೆ ಬಟ್ಟೆ ಕಳೆದು 1,500 ಉಳಿಸಿದರು ಎಂದೇ ಇಟ್ಟುಕೊಳ್ಳೋಣ. 70,000 ಆಗಲು 47 ತಿಂಗಳು ಬೇಕು. ನಾಲ್ಕು ವರ್ಷಕ್ಕೆ ಒಂದು ತಿಂಗಳು ಕಡಿಮೆ. ಅಷ್ಟರಲ್ಲಿ ಯಾರಿಗೂ ಜ್ವರ ಬರಬಾರದು, ಮದುವೆ ಆಗಬಾರದು, ಶಾಲೆಯ ಫೀಸ್ ಏರಬಾರದು.

ನಮ್ಮ ಮನೆಯ ಹಿಂದಿನ ಬೀದಿಯಲ್ಲಿದ್ದ ಒಂದು ಕುಟುಂಬದ ಲೆಕ್ಕವನ್ನೇ ಹೇಳುತ್ತೇನೆ. ಆ ಮನೆಯ ತಾಯಿ ನಮಗೆ ರಕ್ತಸಂಬಂಧಿ ಅಲ್ಲ, ಆದರೆ ನಾನು ಚಿಕ್ಕಂದಿನಿಂದ ಖಾಲಾ ಎಂದೇ ಕರೆಯುವುದು. ಹೆಸರು ಬೇಡ, ಲೆಕ್ಕ ಬೇಕಾದರೆ ಬರಿ ಎಂದು ಒಪ್ಪಿದ್ದಾರೆ. ಅವರ ಯಜಮಾನರು ಕಟ್ಟಡಗಳಿಗೆ ಬಣ್ಣ ಬಳಿಯುವ ಕೆಲಸದವರು. ಕೆಲಸದ ಜಾಗದಲ್ಲಿ ಏಣಿಯಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಎಂಟು ತಿಂಗಳು ಮಲಗಿದರು. ಮಾಲೀಕರು ಕೆಟ್ಟವರೇನಲ್ಲ. ಒಂದು ದಿನವೂ ಬಾಗಿಲಿಗೆ ಬಂದು ಜಗಳ ಮಾಡಲಿಲ್ಲ. "ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತೇನೆ, ಚಿಂತೆ ಮಾಡಬೇಡಿ" ಎಂದರು. ಕೇಳಲು ಎಷ್ಟು ಒಳ್ಳೆಯ ಮಾತು! ಎಂಟು ತಿಂಗಳಿಗೆ 56,000 ಮುರಿಯಿತು. ಮನೆ ಬಿಡುವಾಗ ಸುಣ್ಣ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ 7,000 ಹೋಯಿತು. (ಬಣ್ಣ ಬಳಿಯುವವನ ಮನೆಯಿಂದಲೇ ಬಣ್ಣದ ದುಡ್ಡು, ನೋಡಿ.) ಕೈಗೆ ಬಂದದ್ದು 7,000. ಹೊಸ ಮನೆಗೆ ಕೇಳಿದ್ದು 80,000 ಅಡ್ವಾನ್ಸ್, 8,000 ಮೊದಲ ತಿಂಗಳ ಬಾಡಿಗೆ, 8,000 ಬ್ರೋಕರ್‌ಗೆ. ಒಟ್ಟು 96,000.

ಗಮನಿಸಿ, ಅಷ್ಟು ಹೊತ್ತಿಗೆ ಅವರು ಎದ್ದು ಓಡಾಡುತ್ತಿದ್ದರು, ಅರ್ಧ ದಿನದ ಕೆಲಸ ಸಿಗುತ್ತಿತ್ತು. ಖಾಲಾ ಮನೆಯಲ್ಲೇ ಹೊಲಿಗೆ ಶುರು ಮಾಡಿದ್ದರು. ತಿಂಗಳಿಗೆ ಎಂಟು ಸಾವಿರ ಬಾಡಿಗೆ ಕಟ್ಟುವ ಶಕ್ತಿ ಕಷ್ಟಪಟ್ಟಾದರೂ ಇತ್ತು. 96,000 ಒಟ್ಟಿಗೆ ಇಡುವ ಶಕ್ತಿ ಇರಲಿಲ್ಲ, ಅಷ್ಟೇ.

ಮೊದಲು ತಂಗಿಯ ಮನೆಗೆ ಹೋದರು. ಒಂದೇ ಹಾಲಿನಲ್ಲಿ ಒಂಬತ್ತು ಜನ. ಎರಡು ತಿಂಗಳಾದ ಮೇಲೆ ಆ ಮನೆಯ ಮಾಲೀಕರು, ನೀರು ಸಾಲುತ್ತಿಲ್ಲ, ಜನ ಜಾಸ್ತಿ ಆಗಿದ್ದಾರೆ ಎಂದರು. ಆಮೇಲೆ ಖಾಲಾ ಮತ್ತು ಇಬ್ಬರು ಹೆಣ್ಣುಮಕ್ಕಳು ಒಬ್ಬ ಸಂಬಂಧಿಕರ ಮನೆಯಲ್ಲಿ, ತಂದೆ ಮತ್ತು ಮಗ ಒಂದು ಗುಜರಿ ಅಂಗಡಿಯ ಅಟ್ಟದ ಮೇಲೆ. ಆ ವರ್ಷದ ರಮಜಾನಿನಲ್ಲಿ ಅವರಿಗೆ ಏಳು ರೇಷನ್ ಕಿಟ್ ಬಂದವು. ಪರಿಚಯದವರೆಲ್ಲ ಪ್ರೀತಿಯಿಂದ ಹೆಸರು ಬರೆಸಿದ್ದರು. ಅಕ್ಕಿ, ಬೇಳೆ, ಎಣ್ಣೆ, ಶ್ಯಾವಿಗೆ, ಖರ್ಜೂರ, ಎಲ್ಲವೂ ಏಳು ಏಳು. ಖಾಲಾ ನಮ್ಮ ಅಮ್ಮಿಯ ಹತ್ತಿರ, "ಅಕ್ಕಿ ಬಂತು, ಒಲೆ ಎಲ್ಲಿಡೋದು ಹೇಳು" ಎಂದರು. ಅವರು ಅಳುತ್ತಿರಲಿಲ್ಲ, ನಗುತ್ತಿದ್ದರು. ಏಳರಲ್ಲಿ ಐದು ಕಿಟ್ ನಮ್ಮ ಮನೆಯ ಮಂಚದ ಕೆಳಗೆ ಇದ್ದವು.

ಹದಿನಾಲ್ಕು ತಿಂಗಳ ಮೇಲೆ ಅವರಿಗೆ ಹೊಸಕೋಟೆ ಕಡೆ ಅಡ್ವಾನ್ಸ್ ಕಡಿಮೆ ಇರುವ ಒಂದು ಮನೆ ಸಿಕ್ಕಿತು. ಈ ನಡುವೆ ಹಿರಿಯ ಮಗಳು, ನನ್ನದೇ ವಯಸ್ಸು, ಹತ್ತನೇ ತರಗತಿ ಮುಗಿಸಿದವಳು, ಪಿಯುಸಿಗೆ ಸೇರಲಿಲ್ಲ. ಅಂಕ ಕಡಿಮೆ ಇರಲಿಲ್ಲ. ಯಾವ ಏರಿಯಾದ ಕಾಲೇಜಿಗೆ ಅರ್ಜಿ ಹಾಕುವುದು ಎಂದೇ ಅವರಿಗೆ ಗೊತ್ತಿರಲಿಲ್ಲ, ಏಕೆಂದರೆ ಜೂನ್ ತಿಂಗಳಲ್ಲಿ ಎಲ್ಲಿರುತ್ತೇವೆ ಎಂಬುದು ಮೇ ತಿಂಗಳಲ್ಲಿ ತಿಳಿದಿರಲಿಲ್ಲ.

ಇಂಥವರು ಸರ್ಕಾರದ ಲೆಕ್ಕದಲ್ಲಿ ಎಲ್ಲಿದ್ದಾರೆ? 2011ರ ಜನಗಣತಿಯಲ್ಲಿ ದೇಶದಲ್ಲಿ ಸುಮಾರು 17.7 ಲಕ್ಷ ವಸತಿಹೀನರು, ಕರ್ನಾಟಕದಲ್ಲಿ ಸುಮಾರು 76 ಸಾವಿರ. ಆದರೆ ಆ ಗಣತಿಯಲ್ಲಿ ವಸತಿಹೀನ ಎಂದರೆ ರಸ್ತೆ ಬದಿ, ಫುಟ್‌ಪಾತ್, ದೊಡ್ಡ ಸಿಮೆಂಟ್ ಪೈಪು, ಮೇಲ್ಸೇತುವೆಯ ಕೆಳಗೆ, ರೈಲ್ವೆ ಪ್ಲಾಟ್‌ಫಾರಂ, ಗುಡಿ ಮಸೀದಿಗಳ ಬಯಲು, ಇಂಥ ಕಡೆ ಮಲಗುವವರು. ತಂಗಿಯ ಹಾಲಿನಲ್ಲಿ ಮಲಗುವವರು ಆ ಲೆಕ್ಕಕ್ಕೆ ಬರುವುದಿಲ್ಲ. ಗುಜರಿ ಅಂಗಡಿಯ ಅಟ್ಟಕ್ಕೂ ಒಂದು ಸೂರಿದೆಯಲ್ಲ! ಆದ್ದರಿಂದ ಖಾಲಾ ಕುಟುಂಬ ಆ ಹದಿನಾಲ್ಕು ತಿಂಗಳೂ ಕಾಗದದ ಮೇಲೆ ವಸತಿಹೀನ ಆಗಿರಲೇ ಇಲ್ಲ.

ಸರ್ಕಾರ ಏನೂ ಮಾಡುತ್ತಿಲ್ಲ ಎಂದು ನಾನು ಹೇಳುತ್ತಿಲ್ಲ. ಆಶ್ರಯ ಯೋಜನೆ 1991–92ರಿಂದ ಇದೆ. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಬಂತು. 2015ರಲ್ಲಿ ಪ್ರಧಾನ ಮಂತ್ರಿ ಆವಾಸ್ ಯೋಜನೆ, 2024ರಲ್ಲಿ ನಗರಗಳಿಗೆ ಅದರ ಎರಡನೇ ಹಂತ. ಅದರಲ್ಲಿ ಸ್ವಂತ ಜಾಗದಲ್ಲಿ ಮನೆ ಕಟ್ಟುವವರಿಗೆ 2.5 ಲಕ್ಷ ರೂಪಾಯಿ ನೆರವಿದೆ. ಆದರೆ ಅದಕ್ಕೆ ಮೊದಲು ಸ್ವಂತ ಜಾಗ ಬೇಕು. ಬಹುಮಹಡಿ ಮನೆಗಳ ಯೋಜನೆಗೆ ಅರ್ಜಿ ಹಾಕಿದರೆ ಫಲಾನುಭವಿಯೂ ಲಕ್ಷಗಟ್ಟಲೆ ಕಟ್ಟಬೇಕು, ಮನೆ ಎದ್ದು ನಿಲ್ಲುವವರೆಗೆ ಕಾಯಬೇಕು. ಇವೆಲ್ಲ ಹೆಚ್ಚಾಗಿ ಸ್ವಂತ ಮನೆಯ ಯೋಜನೆಗಳು. ಇನ್ನೊಂದು ತುದಿಯಲ್ಲಿ ರಾತ್ರಿ ತಂಗುವ ಆಶ್ರಯ ಕೇಂದ್ರಗಳು. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮದ ಪ್ರಕಾರ ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ಹಿಡಿಸುವ, ದಿನದ 24 ಗಂಟೆಯೂ ತೆರೆದಿರುವ ಒಂದು ಕೇಂದ್ರ ಇರಬೇಕಿತ್ತು. 2011ರ ಗಣತಿಯಲ್ಲೇ ಬೆಂಗಳೂರು ಪಾಲಿಕೆಯ ಜನಸಂಖ್ಯೆ 84 ಲಕ್ಷ. ಅಂದರೆ ಆ ಹಳೆಯ ಸಂಖ್ಯೆಗೇ 84 ಕೇಂದ್ರ ಬೇಕಿತ್ತು. ಓದುತ್ತಿರುವ ನೀವು ಎಷ್ಟನ್ನು ಕಣ್ಣಾರೆ ನೋಡಿದ್ದೀರಿ? ನಾನು ಒಂದನ್ನು ನೋಡಿದ್ದೇನೆ. ಅದೂ ಗಂಡಸರದ್ದು.

ಒಂದು ತುದಿಯಲ್ಲಿ ಚಾಪೆ, ಇನ್ನೊಂದು ತುದಿಯಲ್ಲಿ ಸ್ವಂತ ಮನೆ. ಮಧ್ಯದಲ್ಲಿ ಒಂದು ಬಾಡಿಗೆ ಮನೆ ಸಾಕು ಎನ್ನುವವರಿಗೆ ಸಿಗುವುದು ಬಹಳ ಕಡಿಮೆ. ಬಡವರ ದೊಡ್ಡ ಪಾಲು ಇರುವುದು ಈ ಮಧ್ಯದಲ್ಲೇ ಎಂದು ನನ್ನ ಅಭಿಪ್ರಾಯ.

ಈಜಿಪುರದ ಹೆಸರು ನೀವು ಕೇಳಿರಬಹುದು. ಕೋರಮಂಗಲದ ಪಕ್ಕದಲ್ಲಿ ಪಾಲಿಕೆಯೇ ಬಡವರಿಗೆಂದು ಕಟ್ಟಿದ್ದ ವಸತಿ ಸಮುಚ್ಚಯ ಶಿಥಿಲವಾಗಿ ಕುಸಿಯಿತು. ಅಲ್ಲೇ ತಗಡಿನ ಶೆಡ್‌ಗಳಲ್ಲಿ ಉಳಿದಿದ್ದ ಸುಮಾರು 1,500 ಕುಟುಂಬಗಳನ್ನು 2013ರ ಜನವರಿಯಲ್ಲಿ ಎಬ್ಬಿಸಿದರು. ಚಳಿಗಾಲ. ಎಷ್ಟೋ ಜನ ಮಕ್ಕಳನ್ನು ಕಟ್ಟಿಕೊಂಡು ಫುಟ್‌ಪಾತ್ ಮೇಲೆ ದಿನ ಕಳೆದರು. ಆಗ ನಮ್ಮಲ್ಲಿ ಹೆಚ್ಚಿನವರು ಅಂಗನವಾಡಿಗೆ ಹೋಗುವ ವಯಸ್ಸು. ಮುಂದೆ ಬೇರೆ ಕಡೆ ಮನೆ ಎಂಬ ಭರವಸೆ ಇತ್ತು. ಭರವಸೆ ಸುಳ್ಳೋ ನಿಜವೋ ಎಂಬ ವಾದ ಈಗ ಬೇಡ. ಮನೆ ಬಿದ್ದ ದಿನ ಬೇಕಾಗಿದ್ದದ್ದು ಮುಂದಿನ ತಿಂಗಳಿಗೆ ಒಂದು ಬಾಡಿಗೆ ಮನೆ. ಆ ದಿನ ಪ್ರತಿ ಕುಟುಂಬದ ಕೈಗೆ ಒಂದು ಅಡ್ವಾನ್ಸ್ ಸಿಕ್ಕಿದ್ದರೆ, ಜೊತೆಗೆ ಮನೆ ಹುಡುಕಿಕೊಡುವ ನಾಲ್ಕು ಜನ ಇದ್ದಿದ್ದರೆ, ಮಕ್ಕಳು ವಾರ್ಷಿಕ ಪರೀಕ್ಷೆಯನ್ನು ಯಾವುದಾದರೂ ಒಂದು ಸೂರಿನ ಕೆಳಗೆ ಕೂತು ಓದುತ್ತಿದ್ದರು.

ಬೇರೆ ದೇಶಗಳಲ್ಲಿ ಈ ಮಧ್ಯದ ಜಾಗಕ್ಕೆ ಹಣ ಇಡುತ್ತಾರೆ. ಇಂಗ್ಲೆಂಡಿನಲ್ಲಿ 2017ರಲ್ಲಿ ಒಂದು ಕಾನೂನು ಮಾಡಿದರು. ಇನ್ನು 56 ದಿನಗಳೊಳಗೆ ಮನೆ ಕಳೆದುಕೊಳ್ಳುವ ಸಂಭವ ಇರುವ ಕುಟುಂಬ ಸ್ಥಳೀಯ ಆಡಳಿತದ ಬಳಿ ಹೋದರೆ, ಮನೆ ಉಳಿಸಿಕೊಳ್ಳಲು ಅಥವಾ ಬೇರೆ ಮನೆ ಹುಡುಕಲು ಆಡಳಿತ ನೆರವಾಗಲೇಬೇಕು. ಬೀದಿಗೆ ಬಿದ್ದ ಮೇಲೆ ಅಲ್ಲ, ಬೀಳುವ ಮೊದಲು. ಫಿನ್ಲೆಂಡ್ ಇನ್ನೂ ಮುಂದೆ ಹೋಯಿತು: ಮೊದಲು ಮನೆಯ ಕೀಲಿ ಕೊಡು, ಉಳಿದ ಕಷ್ಟಗಳನ್ನು ಆಮೇಲೆ ನೋಡೋಣ ಎಂಬ ಪದ್ಧತಿ. 1980ರ ದಶಕದ ಕೊನೆಯಲ್ಲಿ ಅಲ್ಲಿ ಸುಮಾರು 18 ಸಾವಿರ ವಸತಿಹೀನರಿದ್ದರು. 2023ರ ಹೊತ್ತಿಗೆ ನಾಲ್ಕು ಸಾವಿರಕ್ಕಿಂತ ಕಡಿಮೆ. ಆಮೇಲೆ ಮತ್ತೆ ಸ್ವಲ್ಪ ಏರಿದೆ. ಶ್ರೀಮಂತ ದೇಶಗಳ ಮಾತು ನಮಗೇಕೆ ಎನ್ನಬಹುದು. ಹಣ ನಮ್ಮ ಬಳಿ ಕಡಿಮೆ, ನಿಜ. ಆದರೆ 56 ದಿನ ಮೊದಲೇ ಕೇಳಿಸಿಕೊಳ್ಳುವ ಕಿವಿಗೆ ಎಷ್ಟು ಹಣ ಬೇಕು?

ಈಗ ನಮ್ಮ ಸಮುದಾಯದ ವಿಷಯಕ್ಕೆ ಬರುತ್ತೇನೆ. ಪ್ರತಿ ವರ್ಷ ನಮ್ಮ ಮನೆಗಳಲ್ಲಿ ಉಳಿತಾಯದ ಮೇಲೆ ನೂರಕ್ಕೆ ಎರಡೂವರೆ ಜಕಾತ್ ತೆಗೆಯುತ್ತೇವೆ. ಇದರ ಜೊತೆ ಸದಖಾ ಇದೆ, ಫಿತ್ರಾ ಇದೆ, ಲಿಲ್ಲಾಹ್ ಎಂದು ಕೊಡುವುದಿದೆ. ಹಣಕ್ಕೆ ಕೊರತೆ ಇಲ್ಲ. ಅದು ಹೋಗುವ ದಾರಿ ಮಾತ್ರ ವರ್ಷ ವರ್ಷವೂ ಒಂದೇ. ಕಿಟ್ ಕೊಟ್ಟರೆ ಫೋಟೋ ಬರುತ್ತದೆ, ಎಷ್ಟು ಜನಕ್ಕೆ ಕೊಟ್ಟೆವು ಎಂದು ಎಣಿಸಿ ಹೇಳಬಹುದು. ಅಡ್ವಾನ್ಸ್ ಕೊಟ್ಟರೆ ಏನು ಫೋಟೋ ತೆಗೆಯುವುದು? ಬೀಗದ್ದೇ?

ಜಕಾತ್ ಹಣದಿಂದ ಅಡ್ವಾನ್ಸ್ ಕೊಡಬಹುದೇ ಎಂದು ನಮ್ಮ ಮಸೀದಿಯ ಹಜರತ್ ಅವರನ್ನು ಅಬ್ಬು ಮೂಲಕ ಕೇಳಿಸಿದೆ. ಅವರು ಹೇಳಿದ್ದು ಮುಖ್ಯವಾದ ಮಾತು. ಜಕಾತ್ ಹಣವನ್ನು ಅರ್ಹರ ಕೈಗೆ ಕೊಟ್ಟು ಅವರನ್ನೇ ಮಾಲೀಕರನ್ನಾಗಿ ಮಾಡಬೇಕು, ಅದನ್ನು ನಿಧಿಯಾಗಿ ಇಟ್ಟುಕೊಂಡು ಸಾಲ ಕೊಟ್ಟು ವಾಪಸ್ ಪಡೆಯಲು ಬರುವುದಿಲ್ಲ. ಆದರೆ ಜಕಾತ್ ಸಲ್ಲುವ ಎಂಟು ವರ್ಗಗಳಲ್ಲಿ ಬಡವರ ಜೊತೆಗೆ ಸಾಲದಲ್ಲಿ ಮುಳುಗಿದವರೂ ಇದ್ದಾರೆ. ಬಾಡಿಗೆ ಬಾಕಿ ಸಾಲವೇ ಅಲ್ಲವೇ? ಆ ಬಾಕಿ ತೀರಿಸಲು ಜಕಾತ್ ಕೊಡಬಹುದು. ವಾಪಸ್ ಬರುವ ಅಡ್ವಾನ್ಸ್‌ಗೆ ಜಕಾತ್ ಅಲ್ಲದ ದಾನವನ್ನು, ಅಂದರೆ ಲಿಲ್ಲಾಹ್ ಮತ್ತು ಸದಖಾ ಹಣವನ್ನು, ಕರ್ಜೆ ಹಸನಾ ಆಗಿ, ಬಡ್ಡಿ ಇಲ್ಲದೆ ಕೊಡಬಹುದು. ಅಂದರೆ ಎರಡು ಡಬ್ಬಿ, ಎರಡು ಲೆಡ್ಜರ್. ವಾಣಿಜ್ಯ ವಿಭಾಗದವರಿಗೆ ಇದೇನು ಕಷ್ಟ?

ನಾನು ಒಂದು ಲೆಕ್ಕ ಹಾಕಿದ್ದೇನೆ. ಒಂದು ಕಿಟ್‌ಗೆ 1,500 ರೂಪಾಯಿ ಎಂದುಕೊಳ್ಳಿ. ಒಂದು ದೊಡ್ಡ ಮೊಹಲ್ಲಾದಲ್ಲಿ 500 ಕಿಟ್ ಹಂಚಿದರೆ 7.5 ಲಕ್ಷ ರೂಪಾಯಿ. ಆ ಗಾತ್ರದ ಹಣದಲ್ಲಿ 5 ಲಕ್ಷವನ್ನು ಅಡ್ವಾನ್ಸ್ ನಿಧಿಯಾಗಿ ಇಟ್ಟರೆ, ಕುಟುಂಬಕ್ಕೆ 50,000ದಂತೆ ಹತ್ತು ಕುಟುಂಬಗಳಿಗೆ ಮನೆ. ಪ್ರತಿ ಕುಟುಂಬ ತಿಂಗಳಿಗೆ 1,500 ತೀರಿಸುತ್ತಾ ಹೋದರೆ ನಿಧಿಗೆ ತಿಂಗಳಿಗೆ 15,000 ವಾಪಸ್. ಮೂರು ನಾಲ್ಕು ತಿಂಗಳಿಗೊಮ್ಮೆ ಹನ್ನೊಂದನೇ, ಹನ್ನೆರಡನೇ ಕುಟುಂಬಕ್ಕೆ ಮನೆ. ಸಾಲ ಪೂರ್ತಿ ತೀರಿದ ದಿನ ಆ ಅಡ್ವಾನ್ಸ್ ಕುಟುಂಬದ ಸ್ವಂತ ಆಸ್ತಿ. ನಡುವೆ ಅವರು ಮನೆ ಬದಲಾಯಿಸಿದರೆ ಉಳಿದ ಬಾಕಿಯ ಮಟ್ಟಿಗೆ ಮಾಲೀಕರು ಹಣವನ್ನು ನೇರವಾಗಿ ನಿಧಿಗೆ ಹಿಂದಿರುಗಿಸುವಂತೆ ಬಾಡಿಗೆ ಕರಾರಿನಲ್ಲೇ ಬರೆಸಬೇಕು. ಹತ್ತರಲ್ಲಿ ಇಬ್ಬರು ತೀರಿಸಲೇ ಇಲ್ಲ ಅನ್ನಿ. 1 ಲಕ್ಷ ಮುಳುಗಿತು. ಉಳಿದ 4 ಲಕ್ಷ ತಿರುಗುತ್ತಲೇ ಇರುತ್ತದೆ. ಕಿಟ್‌ಗೆ ಕೊಟ್ಟಿದ್ದರೆ ಶವ್ವಾಲ್ ಚಂದ್ರ ಕಾಣುವ ಹೊತ್ತಿಗೆ ಎಲ್ಲವೂ ಮುಗಿದಿರುತ್ತಿತ್ತು.

ಕಿಟ್ ಬೇಡ ಎಂದು ನಾನು ಹೇಳುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ಹಸಿವಿಗೆ ಕಾಯುವ ಗುಣ ಇಲ್ಲ. ಒಲೆ ಇರುವವರಿಗೆ ಕಿಟ್ ಕೊಡೋಣ, ಇಲ್ಲದವರಿಗೆ ಮೊದಲು ಒಲೆ ಇಡುವ ಜಾಗ ಕೊಡೋಣ.

ಹಣಕ್ಕಿಂತ ಕಷ್ಟದ್ದು ಇನ್ನೊಂದಿದೆ. ಮೇಲಿನ 7.5 ಲಕ್ಷದಲ್ಲಿ 5 ಲಕ್ಷ ಕಳೆದರೆ 2.5 ಲಕ್ಷ ಉಳಿಯುತ್ತದೆ. ಅದರಲ್ಲಿ ತಿಂಗಳಿಗೆ 18,000ದಂತೆ ವರ್ಷಕ್ಕೆ 2.16 ಲಕ್ಷ ಕೊಟ್ಟು ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು ಎನ್ನುವುದು ನನ್ನ ಸಲಹೆ. ಉಳಿದ 34,000 ಅವರ ಬಸ್, ಫೋನ್, ಸ್ಟಾಂಪ್ ಪೇಪರಿಗೆ. ಈ ಮಾತನ್ನು ಮನೆಯಲ್ಲಿ ಹೇಳಿದಾಗ ಮಾಮು ತಕ್ಷಣ, "ದಾನದ ದುಡ್ಡಲ್ಲಿ ಸಂಬಳವಾ?" ಎಂದರು. ಬಹಳ ಜನ ಹೀಗೇ ಹೇಳುತ್ತಾರೆ. ಒಂದೊಂದು ರೂಪಾಯಿಯೂ ಬಡವರ ಕೈಗೇ ಹೋಗಬೇಕು ಎಂಬುದು ಒಳ್ಳೆಯ ಮನಸ್ಸಿನ ಮಾತೇ. ಆದರೆ ಯೋಚಿಸಿ, ಖಾಲಾ ಹದಿನಾಲ್ಕು ತಿಂಗಳು ಮನೆ ಹುಡುಕಿದ್ದು ಹೇಗೆ? ಹೊಲಿಗೆ ನಿಲ್ಲಿಸಿ, ಸಣ್ಣ ಮಗಳ ಕೈ ಹಿಡಿದು, ಗಲ್ಲಿ ಗಲ್ಲಿ ಸುತ್ತಿ. ಒಬ್ಬರು ಐದು ಜನ ಆದರೆ ಕೊಡಲ್ಲ ಎಂದರು. ಇನ್ನೊಂದು ಏರಿಯಾದಲ್ಲಿ ಹೆಸರು ಕೇಳಿದ ಕೂಡಲೇ ಮನೆ ಆಗಲೇ ಕೊಟ್ಟಾಯಿತು ಎಂದರು. ಬೋರ್ಡ್ ಮಾತ್ರ ಮರುವಾರವೂ ತೂಗುತ್ತಿತ್ತು. ಯಜಮಾನರಿಗೆ ಖಾಯಂ ಕೆಲಸ ಇದೆಯಾ ಎಂದು ಎಲ್ಲರೂ ಕೇಳಿದರು. ಇಂಥ ಕುಟುಂಬದ ಪರವಾಗಿ ಹೋಗಿ ಮಾತಾಡುವ, ಯಾವ ಬೀದಿಯಲ್ಲಿ ಯಾವ ಮನೆ ಖಾಲಿ ಆಗುತ್ತದೆ ಎಂದು ಮೊದಲೇ ತಿಳಿದಿರುವ, ಕರಾರು ಓದಿ ಹೇಳುವ, ರೇಷನ್ ಕಾರ್ಡಿನ ವಿಳಾಸ ಬದಲಿಸಿಕೊಡುವ, ಗೃಹಲಕ್ಷ್ಮಿಯ 2,000 ಎಲ್ಲಿ ನಿಂತಿದೆ ಎಂದು ವಿಚಾರಿಸುವ ಒಬ್ಬ ಮನುಷ್ಯ ಇದ್ದರೆ, ಅದು ಹದಿನಾಲ್ಕು ತಿಂಗಳ ಕೆಲಸ ಅಲ್ಲ, ತಿಂಗಳ ಕೆಲಸ. ಆ ಮನುಷ್ಯನಿಗೂ ಹೊಟ್ಟೆ ಇದೆ. ಪುರುಸೊತ್ತು ಇದ್ದಾಗ ಮಾಡುವ ಸೇವೆಯಿಂದ ಇದು ಆಗುವುದಿಲ್ಲ. ಪುರುಸೊತ್ತು ಭಾನುವಾರ ಇರುತ್ತದೆ, ಕಚೇರಿ ಭಾನುವಾರ ಇರುವುದಿಲ್ಲ.

ಇನ್ನೊಂದು ವಿಷಯ. ಜಕಾತಿನ ಎಂಟು ವರ್ಗಗಳಲ್ಲಿ ಅದನ್ನು ವಸೂಲಿ ಮಾಡಿ ಹಂಚುವ ಕೆಲಸಗಾರರಿಗೂ ಒಂದು ಪಾಲು ಹೇಳಿದೆ. ಇಂದಿನ ಖಾಸಗಿ ಸಂಸ್ಥೆಗಳಿಗೆ ಅದು ಹೇಗೆ ಅನ್ವಯಿಸುತ್ತದೆ ಎಂಬಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯ ಇದೆ. ಆದ್ದರಿಂದ ಸಂಬಳವನ್ನು ಬೇರೆ ದಾನದಿಂದಲೇ ಕೊಡೋಣ ಎನ್ನುತ್ತೇನೆ. ಆದರೆ ಹಂಚುವುದು ಒಂದು ಕೆಲಸ, ಕೆಲಸಕ್ಕೆ ಕೂಲಿ ಇದೆ ಎಂಬ ತಿಳಿವಳಿಕೆ ನಮಗೆ ಹೊಸದಲ್ಲ ಎಂದು ಮಾಮುಗೆ ಹೇಳಬೇಕಾಯಿತು. ಮಾಮು ಪೂರ್ತಿ ಒಪ್ಪಿಲ್ಲ. "ಮೊದಲು ಒಂದು ವರ್ಷ ಮಾಡಿ ತೋರಿಸಿ" ಎಂದಿದ್ದಾರೆ.

ಮಾಲೀಕರ ಪಕ್ಷವನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ನಮ್ಮ ನಾನಿ ಎರಡು ಕೋಣೆಯ ಬಾಡಿಗೆಯಲ್ಲಿ ಜೀವನ ಮಾಡುವವರು. ಅವರಿಗೆ ಬಂದ ಅಡ್ವಾನ್ಸ್ ಪೆಟ್ಟಿಗೆಯಲ್ಲಿಲ್ಲ, ಮೇಲಿನ ಕೋಣೆಯ ಗೋಡೆಯಲ್ಲಿದೆ. ಹೊಸ ಬಾಡಿಗೆದಾರರು ಬಂದರೆ ಮಾತ್ರ ಹಳಬರಿಗೆ ವಾಪಸ್. ನಮ್ಮ ಗಲ್ಲಿಗಳ ಮಾಲೀಕರಲ್ಲಿ ಇಂಥವರೇ ಬಹಳ. ಅವರಿಗೆ ಭಯ ಇರುವುದು ಬಾಡಿಗೆ ನಿಂತರೆ ಏನು ಗತಿ ಎಂದು. ನಿಧಿಯ ಕಡೆಯಿಂದ, "ಈ ಕುಟುಂಬ ಬಾಡಿಗೆ ತಪ್ಪಿಸಿದರೆ ಮೂರು ತಿಂಗಳವರೆಗೆ ನಾವು ಕಟ್ಟುತ್ತೇವೆ" ಎಂದು ಬರೆದುಕೊಟ್ಟರೆ ನಾನಿಯಂಥವರು ಅಡ್ವಾನ್ಸ್ ಇಳಿಸಲು ಒಪ್ಪುತ್ತಾರೆ. ನಾನು ಕೇಳಿದೆ. ನಾನಿ, "ಯಾರು ಬರೆದುಕೊಡುವವರು, ಅವರ ಮುಖ ತೋರಿಸು" ಎಂದರು. ಸರಿಯಾದ ಮಾತು. ನಿಧಿಗೆ ಒಂದು ಮುಖ ಬೇಕು, ಒಂದು ಕಚೇರಿ ಬೇಕು, ವರ್ಷಕ್ಕೊಮ್ಮೆ ಲೆಕ್ಕಪರಿಶೋಧಕರ ಸಹಿ ಇರುವ ಲೆಕ್ಕ ಗೋಡೆಗೆ ಅಂಟಿಸಬೇಕು.

ಈ ನಿಧಿ ಇಲ್ಲದಿರುವಾಗ ಜನ ಏನು ಮಾಡುತ್ತಾರೆ? ಸಾಲ ಮಾಡುತ್ತಾರೆ. ಅಡ್ವಾನ್ಸ್‌ಗೆಂದು ವಾರದ ಕಂತಿನ ಸಾಲ, ಆ ಕಂತಿಗೆ ಇನ್ನೊಂದು ಸಾಲ. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಥವಾ ಊರಿನ ಜಮೀನು, ಒಡವೆ ಮಾರಿ ಲೀಸ್‌ಗೆ ಹೋಗುತ್ತಾರೆ. ಐದಾರು ಲಕ್ಷ ಕೊಟ್ಟು ಬಾಡಿಗೆ ಇಲ್ಲದೆ ಇರುವ ವ್ಯವಸ್ಥೆ. ಆ ಮನೆಯ ಮೇಲೆ ಮಾಲೀಕರು ಮೊದಲೇ ಸಾಲ ಎತ್ತಿದ್ದರೆ, ಒಂದು ಬೆಳಿಗ್ಗೆ ಬ್ಯಾಂಕಿನವರು ಬಂದು ಗೋಡೆಗೆ ನೋಟಿಸ್ ಅಂಟಿಸುತ್ತಾರೆ.

ಇದು ಸಮುದಾಯವೊಂದೇ ಹೊರುವ ಭಾರ ಅಲ್ಲ ಎಂಬುದೂ ನಿಜ. ನಮ್ಮ ಬೀದಿಯಲ್ಲಿ ಅಡ್ವಾನ್ಸ್‌ಗಾಗಿ ಪರದಾಡುವವರಲ್ಲಿ ತಮಿಳು ಮಾತಾಡುವ ಪೌರಕಾರ್ಮಿಕರಿದ್ದಾರೆ, ರಾಯಚೂರು ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರಿದ್ದಾರೆ. ಜಕಾತ್ ಅಲ್ಲದ ದಾನ ಯಾರಿಗೆ ಬೇಕಾದರೂ ಸಲ್ಲುತ್ತದೆ, ನಿಧಿಯ ಬಾಗಿಲೂ ಎಲ್ಲರಿಗೂ ತೆರೆದಿರಬೇಕು. ಆದರೆ ಸಾವಿರಾರು ಕುಟುಂಬಗಳಿಗೆ ಸರ್ಕಾರದ ಹಣವೇ ಬೇಕು. ಬೆಂಗಳೂರಿಗೆ 2025ರಿಂದ ಒಂದರ ಬದಲು ಐದು ನಗರ ಪಾಲಿಕೆಗಳಾಗಿವೆ. ಒಂದೊಂದು ಪಾಲಿಕೆಯೂ ತನ್ನ ಬಜೆಟ್ಟಿನಲ್ಲಿ ಬಾಡಿಗೆ ಅಡ್ವಾನ್ಸ್‌ಗೆಂದು, ಮತ್ತು ಮನೆ ಹುಡುಕಿಕೊಡುವ ಸಿಬ್ಬಂದಿಗೆಂದು ಒಂದು ತಲೆಬರಹ ತೆರೆದರೆ ಸಾಕು, ಕೆಲಸ ಶುರುವಾಗುತ್ತದೆ. ಒಂದು ಮನೆ ಕಟ್ಟಲು ಕೊಡುವ 2.5 ಲಕ್ಷದಲ್ಲಿ ಮೂರು ಕುಟುಂಬಗಳ 70,000 ಅಡ್ವಾನ್ಸ್ ಆಗಿ ಇನ್ನೂ 40,000 ಉಳಿಯುತ್ತದೆ. ಆ ಮೂರು ಅಡ್ವಾನ್ಸ್‌ಗಳು ಒಂದು ದಿನ ವಾಪಸ್ ಬರುತ್ತವೆ.

ಸರ್ಕಾರ ಒಂದು ರೂಪಾಯಿ ಖರ್ಚಿಲ್ಲದೆ ಮಾಡಬಹುದಾದದ್ದೂ ಒಂದಿದೆ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಅದರ ಪ್ರಕಾರ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ. ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ತಮ್ಮ ಕಾನೂನಿನಲ್ಲಿ ಸೇರಿಸಿಕೊಂಡರೆ ಮಾತ್ರ ಜಾರಿ. 7,000 ಬಾಡಿಗೆಯ ಮನೆಗೆ 70,000 ಬದಲು 14,000. ಖಾಲಾ ಕೈಯಲ್ಲಿ ಉಳಿದಿದ್ದ 7,000ಕ್ಕೆ ನಮ್ಮ ಬೀದಿಯ ನಾಲ್ಕು ಮನೆಯವರು ಸೇರಿಸಿಕೊಟ್ಟಿದ್ದರೂ ಆಗುತ್ತಿತ್ತು. ಎರಡು ತಿಂಗಳಿಗೆ ಇಳಿಸಿದರೆ ನಾನಿಯಂಥ ಮಾಲೀಕರು ಹೆದರಿ ಬಾಡಿಗೆಗೆ ಕೊಡುವುದನ್ನೇ ನಿಲ್ಲಿಸುತ್ತಾರೆ ಎನ್ನುವವರಿದ್ದಾರೆ. ಹೆದರಿಕೆ ಇರಬಹುದು. ಅದಕ್ಕಾಗಿಯೇ ಕಾನೂನಿನ ಜೊತೆಗೆ ಮೂರು ತಿಂಗಳ ಆ ಜಾಮೀನೂ ಬೇಕು ಎನ್ನುವುದು. ಒಂದಿಲ್ಲದೆ ಇನ್ನೊಂದು ನಡೆಯುವುದಿಲ್ಲ.

ನಮ್ಮ ಕಾಲೇಜಿನಲ್ಲಿ ಏನು ಮಾಡಬಹುದು? ಶೇಕಡಾ 75 ಹಾಜರಾತಿ ಇಲ್ಲದವರ ಹೆಸರು ಪ್ರತಿ ವರ್ಷ ನೋಟಿಸ್ ಬೋರ್ಡಿಗೆ ಬರುತ್ತದೆ. ಆ ಪಟ್ಟಿಯಲ್ಲಿರುವ ಎಲ್ಲರೂ ಸಿನಿಮಾಕ್ಕೆ ಹೋದವರಲ್ಲ. ಪಟ್ಟಿ ಹಾಕುವ ಮೊದಲು ಉಪನ್ಯಾಸಕರು ಒಂದು ಪ್ರಶ್ನೆ ಕೇಳಬೇಕೆಂದು ವಿನಂತಿ: "ಈಗ ಎಲ್ಲಿ ಇದ್ದೀಯಾ?" ವಿಳಾಸ ಕೇಳುವುದಲ್ಲ, ನಿಜವಾಗಿ ಎಲ್ಲಿ ಮಲಗುತ್ತಾರೆ ಎಂದು ಕೇಳುವುದು. ಬಾಗಿಲು ಮುಚ್ಚಿ, ಒಬ್ಬೊಬ್ಬರನ್ನೇ. ತರಗತಿಯ ಮುಂದೆ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ.

ಎರಡನೆಯದು ನಮ್ಮ ವಾಣಿಜ್ಯ ವಿಭಾಗದ ಆರು ಜನ ಸೇರಿ ಬರೆದ ಒಂದು ಅರ್ಜಿ. ಆಡಳಿತ ಮಂಡಳಿಗೂ ಸುತ್ತಲಿನ ಮಸೀದಿ ಕಮಿಟಿಗಳಿಗೂ ಈ ರಮಜಾನಿಗೆ ಎರಡು ತಿಂಗಳು ಮೊದಲೇ ಕೊಡಬೇಕೆಂದಿದ್ದೇವೆ, ಏಕೆಂದರೆ ಕಿಟ್‌ಗಳ ಆರ್ಡರ್ ಹೋದ ಮೇಲೆ ಕೊಟ್ಟು ಪ್ರಯೋಜನವಿಲ್ಲ. ಕೇಳಿರುವುದು ಇಷ್ಟು: ಜಕಾತ್ ಮತ್ತು ಇತರ ದಾನಕ್ಕೆ ಬೇರೆ ಬೇರೆ ರಸೀದಿ ಪುಸ್ತಕ, ಮೊದಲ ವರ್ಷ ಐದೇ ಕುಟುಂಬ, ಒಬ್ಬರಿಗೆ ಸಂಬಳ, ಲೆಕ್ಕ ಬರೆಯುವ ಕೆಲಸ ನಮ್ಮದು, ತಪಾಸಣೆ ನಮ್ಮ ಅಕೌಂಟೆನ್ಸಿ ಮೇಡಂ ಅವರದು. ಕರಡು ಗ್ರಂಥಾಲಯದ ಬಾಗಿಲ ಪಕ್ಕದ ಮೇಜಿನ ಮೇಲೆ ಈ ತಿಂಗಳ ಕೊನೆಯವರೆಗೆ ಇರುತ್ತದೆ. ಲೆಕ್ಕದಲ್ಲಿ ಎಲ್ಲಾದರೂ ತಾಳೆ ಆಗದಿದ್ದರೆ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ.